ಒಂದೇ ಮಾತ್ರೆ ನಾದಿನಿಗೆ ಒಗ್ಗಿತು, ನನಗೇಕೆ ಒಗ್ಗುತ್ತಿಲ್ಲ?

ಪ್ರಶ್ನೆ: ನನಗೆ 38 ವರ್ಷ. ಖಿನ್ನತೆಗೆಂದು ವೈದ್ಯರು ಎಸ್ಸಿಟಾಲೋಪ್ರಾಂ 10 ಮಿ.ಗ್ರಾಂ. ಕೊಟ್ಟು ಹತ್ತು ದಿನವಾಯಿತು. ನಾದಿನಿ ಇದೇ ಮಾತ್ರೆಯಿಂದ ಗೆಲುವಾಗಿದ್ದಾಳೆ. ನನಗೆ ವಾಕರಿಕೆ, ಕೈನಡುಕ, ಹಗಲೆಲ್ಲ ತೂಕಡಿಕೆ. ಬೇಸರ ಹಾಗೇ ಇದೆ. ಗ್ಯಾಸ್‌ಗೆ ಎರಡು ವರ್ಷದಿಂದ ದಿನಾ ಒಮೆಪ್ರಜೋಲ್ ನುಂಗುತ್ತೇನೆ. ಖಿನ್ನತೆಯ ಮಾತ್ರೆ ನಿಲ್ಲಿಸಿಬಿಡಲೇ?
– ಹೆಸರು ಬೇಡ, ಬೈರಕೂರು, ಮುಳಬಾಗಿಲು ತಾಲ್ಲೂಕು

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಮೊದಲ ಒಂದೆರಡು ವಾರ ವಾಕರಿಕೆ, ನಡುಕ ಹಲವರಿಗೆ ಆಗುತ್ತದೆ, ಆಮೇಲೆ ತಗ್ಗುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಗ್ಯಾಸ್ ಮಾತ್ರೆಯನ್ನೂ ನೋಡಬೇಕು.

ನುಂಗಿದ ಔಷಧವನ್ನು ಒಡೆದು ಹೊರಹಾಕುವ ಕೆಲಸ ಹೆಚ್ಚಾಗಿ ಯಕೃತ್ತಿನದು. ಎಸ್ಸಿಟಾಲೋಪ್ರಾಂ ಅನ್ನು ಮುಖ್ಯವಾಗಿ ಒಡೆಯುವುದು ಸಿವೈಪಿ2ಸಿ19 ಎಂಬ ಕಿಣ್ವ. ಅದು ಎಷ್ಟು ಚುರುಕು ಎಂಬುದು ಹುಟ್ಟಿನಿಂದಲೇ ಬರುತ್ತದೆ. ಕಿಣ್ವ ನಿಧಾನವಾಗಿದ್ದವರ ರಕ್ತದಲ್ಲಿ ಔಷಧ ಹೆಚ್ಚು ಉಳಿದು ಅಡ್ಡಪರಿಣಾಮ ಕಾಣಿಸುತ್ತದೆ; ತೀರಾ ಚುರುಕಾಗಿದ್ದವರಲ್ಲಿ ಬೇಗ ಕರಗಿ ಗುಣ ಕಾಣದೇ ಹೋಗಬಹುದು. ನಿಧಾನ ಕಿಣ್ವದವರು ಯುರೋಪಿಗಿಂತ ನಮ್ಮಲ್ಲಿ ಹೆಚ್ಚು. ಜೊತೆಗೆ ಒಮೆಪ್ರಜೋಲ್ ಇದೇ ಕಿಣ್ವವನ್ನು ತಡೆಯುತ್ತದೆ. ಎರಡನ್ನೂ ಸೇರಿಸಿ ನುಂಗಿದರೆ ರಕ್ತದಲ್ಲಿ ಎಸ್ಸಿಟಾಲೋಪ್ರಾಂ ಸುಮಾರು ಶೇ 50ರಷ್ಟು ಏರಬಹುದು. ನಿಮ್ಮ 10 ಮಿ.ಗ್ರಾಂ. ಮೈಯೊಳಗೆ 15ರಂತೆ ವರ್ತಿಸುತ್ತಿರಬಹುದು. ಗ್ಯಾಸ್‌ಗೆ ಬೇರೆ ಮಾತ್ರೆ ಕೊಡಬೇಕೇ, ಖಿನ್ನತೆಯ ಔಷಧದ ಪ್ರಮಾಣ ಇಳಿಸಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಬೇಸರ ಹೋಗಿಲ್ಲವೆಂದು ಎದೆಗುಂದಬೇಡಿ. ಈ ಔಷಧದ ಅರ್ಧಭಾಗ ಮೈಯಿಂದ ಹೋಗಲು ಸುಮಾರು 30 ಗಂಟೆ ಬೇಕು; ರಕ್ತದಲ್ಲಿ ಅದರ ಮಟ್ಟ ಸ್ಥಿರವಾಗಲು ಒಂದು ವಾರ. ಮನಸ್ಸು ಹಗುರಾಗಲು ಸಾಮಾನ್ಯವಾಗಿ 2ರಿಂದ 4 ವಾರ, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ. ಥಟ್ಟನೆ ಬಿಟ್ಟರೆ ತಲೆಸುತ್ತು, ಮೈ ಜುಮ್ಮೆನ್ನುವುದು, ನಿದ್ದೆಗೇಡು ಶುರುವಾಗಬಹುದು. ಇದು ಚಟವಲ್ಲ, ಇದ್ದ ಔಷಧ ಏಕಾಏಕಿ ಕಡಿಮೆಯಾದದ್ದಕ್ಕೆ ದೇಹದ ಪ್ರತಿಕ್ರಿಯೆ.

ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಎಸ್ಸಿಟಾಲೋಪ್ರಾಂ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಟ್ರಮಡಾಲ್ ಅನ್ನಂತೂ ಕೇಳದೆ ನುಂಗಲೇಬೇಡಿ. ನಾದಿನಿಯ ಪ್ರಮಾಣ ನಿಮಗೆ ಅಳತೆಗೋಲಲ್ಲ, ನಿಮ್ಮದು ಅವರಿಗೂ ಅಲ್ಲ.

ಈ ವಾರವೇ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ, ನಾಟಿ ಔಷಧವಿದ್ದರೆ ಅದನ್ನೂ ಹಿಡಿದು ನಿಮ್ಮ ವೈದ್ಯರನ್ನು ಕಾಣಿ. ದೂರವೆನಿಸಿದರೆ ಮುಳಬಾಗಿಲು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ವಿಚಾರಿಸಿ. ಚಡಪಡಿಕೆ ಹೆಚ್ಚಿದರೆ, ಸಾಯುವ ಯೋಚನೆ ಸುಳಿದರೆ, ಕಾಯದೆ ಮನೆಯವರಿಗೆ ತಿಳಿಸಿ, 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.