ಎತ್ತುವ ಮುನ್ನ ಇಳಿಸುವ ದಾರಿ ನೋಡು

ತಮ್ಮಾ, ಹತ್ತಿಮತ್ತೂರಿನ ಹುಡುಗರು ಈಗ ಸವಣೂರು, ಹಾವೇರಿ, ಹುಬ್ಬಳ್ಳಿಯ ಜಿಮ್ಮುಗಳ ಹಾದಿ ಹಿಡಿದಿದ್ದೀರಿ. ಒಳ್ಳೆಯದೇ. ಗರಡಿಯ ಕೆಮ್ಮಣ್ಣಿನಲ್ಲಿ ಸಾಮು ಮಾಡಿದ ಮುದುಕ ನಾನು. ಸಿಕ್ಕಾಗೆಲ್ಲ ನೀವು ಕೇಳೋದು ಒಂದೇ: “ಕಾಕಾ, ಎದೆ ಕಟ್ಟಲಿಕ್ಕೆ ಬಾರ್‌ಬೆಲ್ ಚಲೋನೋ, ಡಂಬೆಲ್ ಚಲೋನೋ, ಮಷಿನ್ ಚಲೋನೋ?” ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಹಾಕಿಕೋ: ರಟ್ಟೆಯ ಕಸುವು ಮುಗಿದ ಗಳಿಗೆಯಲ್ಲಿ ಆ ಭಾರ ಎಲ್ಲಿಗೆ ಹೋಗುತ್ತದೆ? ಮಾರುಕಟ್ಟೆಯಲ್ಲಿ ಗೋವಿನಜೋಳದ ಚೀಲ ಹೊರುವ ಹಮಾಲ ಇಳಿಸುವ ಜಾಗ ನೋಡಿಕೊಂಡೇ ಬೆನ್ನು ಕೊಡುತ್ತಾನೆ. ನೀನೂ ಹಾಗೇ ಮಾಡು.

ಬಾರ್‌ಬೆಲ್‌ನಲ್ಲಿ ಎರಡೂ ಕೈ ಒಂದೇ ಸರಳು ಹಿಡಿಯುವುದರಿಂದ ಡಂಬೆಲ್‌ಗಿಂತ ಹೆಚ್ಚು ಭಾರ ಎತ್ತಬಹುದು. ಎರಡೂ ಬದಿಗೆ 1.25 ಕಿಲೋದ ಬಿಲ್ಲೆ ಸೇರಿಸಿದರೆ ಏರಿಕೆ ಬರೀ 2.5 ಕಿಲೋ, ಸ್ವಲ್ಪಸ್ವಲ್ಪವೇ ಮೇಲೇರಲು ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ಗಂಡಸರ ಒಲಿಂಪಿಕ್ ಸರಳೇ 20 ಕಿಲೋ, ಹೆಂಗಸರದು 15 ಕಿಲೋ. ಬಿಲ್ಲೆಯ ಲೆಕ್ಕಕ್ಕೆ ಇದನ್ನೂ ಸೇರಿಸು. ಕಸುವು ಮುಗಿದರೆ ಈ ಭಾರ ಇಳಿಯೋದು ನಿನ್ನ ಎದೆಯ ಮೇಲೆ, ಕೈ ಜಾರಿದರೆ ಕುತ್ತಿಗೆಯ ಮೇಲೆ. ತಲೆಯ ಕಡೆ ಜೊತೆಗಾರ ನಿಂತಿರಬೇಕು, ಇಲ್ಲವೇ ಎರಡೂ ಪಕ್ಕ ತಡೆಗಂಬಿ ಇರಬೇಕು. ಹೆಬ್ಬೆರಳು ಸರಳನ್ನು ಸುತ್ತಿ ಹಿಡಿದಿರಲಿ; ಹೊರಗೆ ಬಿಟ್ಟು ಹಿಡಿಯುವ ಷೋಕಿ ಬೇಡ.

ಬೆಂಗಳೂರಿನ ಫರ್ಮಾನ್ ಬಾಷಾ ಹೆಸರು ಕೇಳಿದ್ದೀಯಾ? ಪೋಲಿಯೋ ಕಾಲಿನ ಬಲ ಕಸಿದರೂ ಬೆಂಚಿನ ಮೇಲೆ ಮಲಗಿ ಕಬ್ಬಿಣ ಎತ್ತಿ ಅರ್ಜುನ ಪ್ರಶಸ್ತಿ ಪಡೆದವರು, 2016ರ ರಿಯೋ ಪ್ಯಾರಾಲಿಂಪಿಕ್ಸ್‌ನ 49 ಕಿಲೋ ವಿಭಾಗದಲ್ಲಿ ನಾಲ್ಕನೆಯವರಾದವರು. ಅವರ ಆಟದ ನಿಯಮ ಗಮನಿಸು: ಸರಳನ್ನು ಹಿಡಿತದಲ್ಲಿಟ್ಟು ಎದೆಗೆ ಇಳಿಸಬೇಕು, ಅಲ್ಲಿ ಅಲುಗದಂತೆ ನಿಲ್ಲಿಸಬೇಕು, ಆಮೇಲೆ ಎತ್ತಬೇಕು. ಎದೆಗೆ ಬಡಿದು ಪುಟಿಸಿ ಎತ್ತಿದ್ದು ಅಲ್ಲಿ ಲೆಕ್ಕಕ್ಕಿಲ್ಲ. ನಿನ್ನ ಜಿಮ್ಮಿನಲ್ಲೂ ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ಡಂಬೆಲ್‌ನಲ್ಲಿ ಒಂದೊಂದು ಕೈಗೂ ಅದರದೇ ದುಡಿಮೆ. ಬಲಗೈ ಎಡಗೈಯ ಪಾಲು ಕದಿಯಲು ಬರೋದಿಲ್ಲ. ಭುಜ ನೋಯುವವರು ಅಂಗೈಗಳು ಒಂದಕ್ಕೊಂದು ಎದುರಾಗುವಂತೆ ಹಿಡಿತ ತಿರುಗಿಸಿಕೊಳ್ಳಬಹುದು. ಬಾರ್‌ಬೆಲ್‌ನ ನೇರ ಸರಳಿನಲ್ಲಿ ಈ ಸವಲತ್ತಿಲ್ಲ. 2011ರಲ್ಲಿ ನಾರ್ವೆಯ ಸಂಶೋಧಕರು ಹೋಲಿಸಿ ನೋಡಿದಾಗ, ಡಂಬೆಲ್‌ನಲ್ಲಿ ಎತ್ತಲಾದ ಗರಿಷ್ಠ ಭಾರ ಬಾರ್‌ಬೆಲ್‌ಗಿಂತ ಸುಮಾರು 17 ಪ್ರತಿಶತ ಕಡಿಮೆ ಇತ್ತು. ಹಾಗಿದ್ದೂ ಎದೆಯ ಸ್ನಾಯುವಿನ ದುಡಿಮೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಡಂಬೆಲ್‌ನಲ್ಲಿ ಕಡಿಮೆ ದುಡಿದದ್ದು ತೋಳಿನ ಹಿಂಬದಿಯ ಸ್ನಾಯು. ಅಂದಮೇಲೆ ಭಾರದ ಅಂಕಿ ಇಳಿಯಿತೆಂದು ಎದೆಗೆ ನಷ್ಟವಾಯಿತೆನ್ನಬೇಡ. ಕಸುವು ಮುಗಿದಾಗ ಡಂಬೆಲ್ ಪಕ್ಕಕ್ಕೆ ಇಳಿದೀತು, ಕುತ್ತಿಗೆಯ ಮೇಲೆ ಅಡ್ಡ ಬೀಳೋದಿಲ್ಲ. ಹಾಗಂತ ತೋಳು ಅಗಲಿಸಿ ಎಸೆಯಬೇಡ, ಭುಜ ಕಿತ್ತೀತು. ತೊಡೆಯ ಮೇಲಿಟ್ಟುಕೊಂಡು ಮಲಗು, ತೊಡೆಗೇ ತಂದುಕೊಂಡು ಏಳು. ಮುಂದಿನ ಜೋಡಿಗೆ ಹೋದರೆ ಸಾಮಾನ್ಯವಾಗಿ ಕೈಗೆ 2.5ರಂತೆ ಒಟ್ಟು 5 ಕಿಲೋ ಏರುತ್ತದೆ. ಅದಕ್ಕೇ ಮೊದಲು ಎಣಿಕೆ ಹೆಚ್ಚಿಸು, ಆಮೇಲೆ ಭಾರ.

ಮಷಿನ್ ಅಂದರೆ ಮೂಗು ಮುರಿಯಬೇಡ. ಕೈಬಿಟ್ಟರೂ ಭಾರ ತನ್ನ ಹಳಿಯಲ್ಲೇ ಇಳಿಯುತ್ತದೆ. ಒಬ್ಬನೇ ಇದ್ದ ದಿನ, ದಣಿದ ದಿನ, ನನ್ನಂಥ ವಯಸ್ಸಿನವರಿಗೆ ಇದಕ್ಕಿಂತ ನಿಶ್ಚಿಂತೆ ಇಲ್ಲ. ಹಿಡಿಕೆ ಎದೆಯ ನಡುಮಟ್ಟಕ್ಕೆ ಬರುವಂತೆ ಆಸನ ಹೊಂದಿಸಿಕೋ. ಹಳಿ ನಿನಗಾಗಿ ಬಾಗೋದಿಲ್ಲ, ತಪ್ಪಿ ಕೂತರೆ ದಂಡ ತೆರೋದು ಭುಜ. ರಾಟೆ, ಸನ್ನೆಗಳ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರ. ಹಾವೇರಿಯ ಮಷಿನ್ನಿನ 50ನ್ನು ಹುಬ್ಬಳ್ಳಿಯ ಮಷಿನ್ನಿನ 50ರ ಜೊತೆ ಹೋಲಿಸಿ ಪಂದ್ಯ ಕಟ್ಟಬೇಡ.

ಕಬ್ಬಿಣ ಬಂತೆಂದು ಗರಡಿಯ ದಂಡವನ್ನೂ ಬಿಡಬೇಡ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ, ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೇ ಕಲಿಸಿದವರು. ನಿನ್ನ ಮೈಭಾರವನ್ನೇ ನೆಟ್ಟಗೆ ಇಳಿಸಿ ಎತ್ತಲು ಬಾರದಿದ್ದರೆ ಮೊದಲು ದಂಡ ಹೊಡಿ, ಜೊತೆಗೆ ಮಷಿನ್ ಇರಲಿ. ಹಿಡಿತ ಬಂದಮೇಲೆ ಡಂಬೆಲ್. ನಂಬಿಕೆಯ ಜೊತೆಗಾರ ಸಿಕ್ಕಮೇಲೆ ಬಾರ್‌ಬೆಲ್. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ತಿಂಗಳಲ್ಲಿ ಎದೆ ಉಬ್ಬಿಸುವ ಹಟಕ್ಕಿಂತ ವರ್ಷಗಟ್ಟಲೆ ತಪ್ಪದ ಆ ಎರಡು ದಿನ ದೊಡ್ಡವು. ಭುಜದಲ್ಲಿ ಚುಚ್ಚಿದಂಥ ನೋವು ಬಂದರೆ ಅಲ್ಲಿಗೇ ನಿಲ್ಲಿಸು, ವೈದ್ಯರಿಗೆ ತೋರಿಸು.

ಉಳಿದದ್ದು ಮರೆತರೂ ಇಷ್ಟು ನಡೆಸಿಕೊಡು ತಮ್ಮಾ: ಜೊತೆಗಾರನೂ ಇಲ್ಲ, ತಡೆಗಂಬಿಯೂ ಇಲ್ಲ ಅಂದ ದಿನ ಬೆಂಚಿನ ಮೇಲೆ ಬಾರ್‌ಬೆಲ್ ಮುಟ್ಟಬೇಡ.