ತಂತಿ ಚುಚ್ಚಿದರೆ ನೇಲ್ ಕಟರ್ ಹುಡುಕಬೇಡಿ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳೇ, ರಾತ್ರಿ ಹೊತ್ತು ತಂತಿಯ ತುದಿ ಕೆನ್ನೆಗೆ ಚುಚ್ಚತೊಡಗಿದರೆ ನೇಲ್ ಕಟರ್‌ನಿಂದ ಕತ್ತರಿಸಲು ಹೋಗಬೇಡಿ. ತುಂಡು ಗಂಟಲಿಗೆ ಜಾರೀತು! ತಂತಿಯನ್ನು ಹತ್ತಿಯಿಂದ ಒರೆಸಿ, ಡಾಕ್ಟರು ಕೊಟ್ಟ ಮೇಣವನ್ನು ಬಟಾಣಿಯಷ್ಟು ಚಿವುಟಿ, ಉಂಡೆ ಮಾಡಿ ಅದರ ಮೇಲೆ ಒತ್ತಿ. ಕೆನ್ನೆಯ ಒಳಗೆ ಹುಣ್ಣಾಗಿದ್ದರೆ ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಳಚಿ ಬಂದರೆ ಮನೆಯ ಅಂಟು ಹಚ್ಚುವ ಸಾಹಸ ಬೇಡ. ಜೋಪಾನವಾಗಿಟ್ಟು ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ. ಆದರೆ ತುಂಡು ಒಳಗೆ ಹೋಗಿ ಕೆಮ್ಮು ಬಂದರೆ, ಉಸಿರು ಕಟ್ಟಿದಂತಾದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಇನ್ನು ಬ್ರಾಕೆಟ್ ಕಳಚಿಸುವಂಥ ಗಟ್ಟಿ ಚಕ್ಕುಲಿ, ಕೋಡುಬಳೆ? ಕ್ಲಿಪ್ ಬಿಚ್ಚುವವರೆಗೆ ಡಬ್ಬಿಯಲ್ಲೇ ಇರಲಿ. ನೆಟ್ಟಗಾದ ಹಲ್ಲಿನಲ್ಲಿ ಕಡಿದರೆ ರುಚಿಯೇನೂ ಕಡಿಮೆಯಾಗದು!