ಮನೆಯಲ್ಲೇ ಮ್ಯಾಕರೋನಿ ಮತ್ತು ಚೀಸ್ — ಮೆಕ್ಸಿಕೋ ರುಚಿಯಲ್ಲಿ

ಮ್ಯಾಕರೋನಿ ಎಂದರೆ ಪೇಟೆಯವರ ತಿಂಡಿ ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿದೆ. ವಾಸ್ತವವಾಗಿ ಅದು ಗೋಧಿ ರವೆಯನ್ನು ನೀರಿನಲ್ಲಿ ಕಲಸಿ, ಕೊಳವೆಯ ಆಕಾರಕ್ಕೆ ತಂದು ಒಣಗಿಸಿದ ಪದಾರ್ಥ. ನಮ್ಮ ಶಾವಿಗೆಯ ದಾಯಾದಿ. ಅದಕ್ಕೆ ಹಾಲು ಮತ್ತು ಚೀಸ್ ಸೇರಿದರೆ ಮಕ್ಕಳು ಇಷ್ಟಪಟ್ಟು ತಿನ್ನುವ ಪುಷ್ಟಿಕರವಾದ ಊಟವಾಗುತ್ತದೆ. ಗೋಧಿ, ಹಾಲು, ಬೆಣ್ಣೆ, ಮೆಣಸಿನಕಾಯಿ, ಗೋವಿನಜೋಳ ಇವೆಲ್ಲ ರೈತನ ಮನೆಯಲ್ಲೇ ದೊರೆಯುವಂಥವು. ಹಣ ಕೊಟ್ಟು ತರಬೇಕಾದ ಮುಖ್ಯ ವಸ್ತು ಚೀಸ್ ಒಂದೇ. ಆದರೆ ಅದೇ ಈ ಅಡಿಗೆಯಲ್ಲಿ ಎಲ್ಲಕ್ಕಿಂತ ಬೇಗ ಕೆಡುವ ವಸ್ತು. ಉರಿ ಸ್ವಲ್ಪ ಹೆಚ್ಚಾದರೂ ಚೀಸ್ ಒಡೆದು, ಜಿಡ್ಡು ಮೇಲಕ್ಕೆ ತೇಲಿ, ಹಾಕಿದ ಹಣ ವ್ಯರ್ಥವಾಗುತ್ತದೆ. ಇದು ಏಕೆ ಆಗುತ್ತದೆ, ಹೇಗೆ ತಪ್ಪಿಸಬೇಕು ಎಂಬುದನ್ನು ತಿಳಿದರೆ ಉಳಿದದ್ದು ಸುಲಭ.

ಎರಡು ನೆಲಗಳ ಬೆಳೆಗಳು

ಮ್ಯಾಕರೋನಿ ಇಟಲಿಯದು. ಅದನ್ನು ಚೀಸಿನೊಡನೆ ಬೆರೆಸುವ ವಿಧಾನ 1769ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಫಲ್ಡ್ ಪ್ರಕಟಿಸಿದ ಅಡಿಗೆ ಪುಸ್ತಕದಲ್ಲಿಯೇ ಇದೆ. ಮುಂದೆ ಅಮೆರಿಕದಲ್ಲಿ ಇದು ಮನೆಮನೆಯ ಊಟವಾಯಿತು. 1937ರಿಂದ ಪೆಟ್ಟಿಗೆಗಳಲ್ಲಿ ಸಿದ್ಧ ಪದಾರ್ಥವಾಗಿ ಮಾರಾಟಕ್ಕೆ ಬಂದಿತು.

ಮೆಕ್ಸಿಕೋದ ಜನರು ಪುರಾತನ ಕಾಲದಿಂದ ಬೆಳೆಯುತ್ತಿದ್ದುದು ಗೋವಿನಜೋಳ, ಮೆಣಸಿನಕಾಯಿ, ಟೊಮೆಟೊ ಮತ್ತು ರಾಜ್ಮಾ ಜಾತಿಯ ಕಾಳುಗಳನ್ನು. 1521ರ ನಂತರ ಸ್ಪೇನಿನವರು ಅಲ್ಲಿಗೆ ಗೋಧಿಯನ್ನೂ ದನಗಳನ್ನೂ ಕೊಂಡೊಯ್ದರು. ಅಲ್ಲಿಂದ ಹೊರಟ ಮೆಣಸಿನಕಾಯಿ ಪೋರ್ಚುಗೀಸರ ಮೂಲಕ ನಮ್ಮ ನೆಲಕ್ಕೆ ಬಂದಿತು. ಬಹಳ ಕಾಲದ ಮೇಲೆ, 1966ರಲ್ಲಿ, ಭಾರತ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ತರಿಸಿಕೊಂಡಿದ್ದು ಹಿರಿಯ ರೈತರಿಗೆ ನೆನಪಿರಬಹುದು. ಹೀಗಾಗಿ ಇಲ್ಲಿ ಹೇಳುವ ಅಡಿಗೆಯ ಹೆಸರು ಹೊಸದಾದರೂ ಇದರಲ್ಲಿ ನಿಮಗೆ ಅಪರಿಚಿತವಾದ ಬೆಳೆ ಒಂದೂ ಇಲ್ಲ.

ಯಾವ ಗೋಧಿ ಸೂಕ್ತ?

ಮ್ಯಾಕರೋನಿಗೆ ಡ್ಯೂರಮ್ ಗೋಧಿಯೇ ಶ್ರೇಷ್ಠ. ವಿಜಯಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳ ಕಪ್ಪು ಭೂಮಿಯಲ್ಲಿ ಹಿಂಗಾರಿನಲ್ಲಿ ಇದನ್ನು ಬಹು ಕಾಲದಿಂದ ಬೆಳೆಯುತ್ತ ಬಂದಿದ್ದಾರೆ. ಇದರ ಕಾಳು ಗಟ್ಟಿ. ಒಡೆದರೆ ಹಿಟ್ಟಾಗದೆ ಹಳದಿ ಛಾಯೆಯ ರವೆಯಾಗುತ್ತದೆ. ಅಂಗಡಿಯಲ್ಲಿ ಬನ್ಸಿ ರವೆ ಎಂದು ಕರೆಯುವುದು ಇದನ್ನೇ. ಇದರಲ್ಲಿರುವ ಅಂಟು ಬಲವಾಗಿರುವುದರಿಂದ ಬೇಯಿಸಿದಾಗ ಮ್ಯಾಕರೋನಿ ಆಕಾರ ಕಳೆದುಕೊಳ್ಳುವುದಿಲ್ಲ. ಮೈದಾದಿಂದ ಮಾಡಿದ್ದು ಬೇಗ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬೇಯಿಸಿದ ನೀರೂ ಗಂಜಿಯಂತಾಗುತ್ತದೆ.

ಮ್ಯಾಕರೋನಿ ತಯಾರಿಸುವ ವಿಧಾನ

ಕಾರ್ಖಾನೆಯಲ್ಲಿ ಕಲಸಿದ ರವೆಯನ್ನು ಅಚ್ಚಿನ ಮೂಲಕ ಒತ್ತಿ ಕೊಳವೆ ತೆಗೆಯುತ್ತಾರೆ. ಯಂತ್ರವಿಲ್ಲದೆ ಮಾಡುವ ಕ್ರಮವೂ ಉಂಟು. ದಕ್ಷಿಣ ಇಟಲಿಯ ಹಳ್ಳಿಗಳಲ್ಲಿ ಗೃಹಿಣಿಯರು ತೆಳುವಾದ ಕಬ್ಬಿಣದ ಕಡ್ಡಿಯ ಮೇಲೆ ಹಿಟ್ಟನ್ನು ಹೊಸೆದು ಕೊಳವೆ ಮಾಡುತ್ತಾರೆ. ಶಾವಿಗೆ ಹೊಸೆದು, ಗವಲಿ ಮಾಡಿ ಅಭ್ಯಾಸವಿರುವ ಕೈಗೆ ಇದು ಕಷ್ಟವಲ್ಲ.

1. 250 ಗ್ರಾಂ ಸಣ್ಣ ಬನ್ಸಿ ರವೆಗೆ ಸುಮಾರು 120 ಮಿ.ಲೀ. ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಗಟ್ಟಿಯಾಗಿ ಕಲಸಿರಿ. ಹತ್ತು ನಿಮಿಷ ಚೆನ್ನಾಗಿ ನಾದಿರಿ.
2. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಇಡಿರಿ. ರವೆ ನೀರನ್ನು ಹೀರಿ ಮೃದುವಾಗಲು ಈ ಸಮಯ ಬೇಕೇ ಬೇಕು.
3. ಪೆನ್ಸಿಲಿನಷ್ಟು ದಪ್ಪದ ಎಳೆ ಹೊಸೆದು ಎರಡು ಅಂಗುಲದ ತುಂಡುಗಳಾಗಿ ಕತ್ತರಿಸಿರಿ.
4. ಸ್ವೆಟರ್ ಹೆಣೆಯುವ ಶುಭ್ರವಾದ ಉಕ್ಕಿನ ಕಡ್ಡಿಗೆ ಒಣ ರವೆ ಸವರಿರಿ. ಕಡ್ಡಿಯನ್ನು ತುಂಡಿನ ಮೇಲೆ ಉದ್ದಕ್ಕೆ ಇಟ್ಟು ಒತ್ತಿ, ಅಂಗೈಯಿಂದ ಹಿಂದಕ್ಕೂ ಮುಂದಕ್ಕೂ ಉರುಳಿಸಿರಿ. ಹಿಟ್ಟು ಕಡ್ಡಿಯನ್ನು ಸುತ್ತಿಕೊಳ್ಳುತ್ತದೆ. ನಂತರ ಮೆಲ್ಲಗೆ ಜಾರಿಸಿ ತೆಗೆಯಿರಿ.

ಆ ದಿನವೇ ಬಳಸುವುದಾದರೆ ಅರ್ಧ ಗಂಟೆ ಆರಿದರೆ ಸಾಕು. ಕೂಡಿಡುವುದಾದರೆ ನೆರಳಿನಲ್ಲಿ, ತೆಳುವಾದ ಬಟ್ಟೆ ಮುಚ್ಚಿ, ಮುರಿದರೆ ಟಕ್ಕನೆ ಮುರಿಯುವಷ್ಟು ಒಣಗಿಸಬೇಕು. ಬಿರುಬಿಸಿಲಿಗೆ ಹಾಕಿದರೆ ಹೊರಪದರ ಮೊದಲೇ ಒಣಗಿ ಬಿರುಕು ಬಿಡುತ್ತದೆ. ಬಿಡುವಿಲ್ಲದವರು ಅಂಗಡಿಯ ಮ್ಯಾಕರೋನಿ ಬಳಸಬಹುದು. ಪೊಟ್ಟಣದ ಮೇಲೆ ಡ್ಯೂರಮ್ ಗೋಧಿ ಅಥವಾ ಅದರ ರವೆ ಎಂದು ಬರೆದಿರುವುದನ್ನು ಆರಿಸಿಕೊಳ್ಳಿರಿ.

ಚೀಸಿನ ಆಯ್ಕೆ

ಎಲ್ಲ ಚೀಸೂ ಕರಗುವುದಿಲ್ಲ. ಹಾಲಿಗೆ ನಿಂಬೆರಸ ಹಿಂಡಿ ಮಾಡಿದ ಪನೀರ್ ಎಷ್ಟು ಕಾಯಿಸಿದರೂ ಕರಗದೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದುದರಿಂದ ಸಾಸಿಗೆ ಪನೀರ್ ಒಂದನ್ನೇ ನೆಚ್ಚಿಕೊಳ್ಳಬಾರದು. ಡಬ್ಬಿಗಳಲ್ಲಿ ಮತ್ತು ಚೌಕ ತುಂಡುಗಳಲ್ಲಿ ಸಿಗುವ ಸಂಸ್ಕರಿಸಿದ ಚೀಸಿಗೆ ಜಿಡ್ಡು ಬೇರ್ಪಡದಂತೆ ತಡೆಯುವ ಲವಣಗಳನ್ನು ಸೇರಿಸಿರುತ್ತಾರೆ. ಅದು ಸುಲಭವಾಗಿ ನಯವಾಗಿ ಕರಗುತ್ತದೆ. ಆದರೆ ಉಪ್ಪು ಹೆಚ್ಚು. ಚೆಡ್ಡಾರ್ ಚೀಸಿಗೆ ರುಚಿ ಹೆಚ್ಚು, ಒಡೆಯುವ ಭಯವೂ ಹೆಚ್ಚು. ಹೊಸಬರು ಮೊದಲ ಸಲ ಎರಡು ಪಾಲು ಸಂಸ್ಕರಿಸಿದ ಚೀಸಿಗೆ ಒಂದು ಪಾಲು ಚೆಡ್ಡಾರ್ ಸೇರಿಸುವುದು ಒಳ್ಳೆಯದು. ಸಸ್ಯಾಹಾರಿಗಳು ಹಸಿರು ಚುಕ್ಕೆ ಇರುವುದನ್ನು ನೋಡಿ ಕೊಳ್ಳಬೇಕು.

ಪನೀರಿಗೂ ಇಲ್ಲಿ ಸ್ಥಾನವಿದೆ. ಮೆಕ್ಸಿಕೋದಲ್ಲಿ ಕೇಸೋ ಫ್ರೆಸ್ಕೋ ಎಂಬ ಬಿಳಿಯ ಹಸಿ ಚೀಸ್ ಉಂಟು. ಅದೂ ಕರಗದು. ಅದನ್ನು ಪುಡಿ ಮಾಡಿ, ಸಿದ್ಧವಾದ ಅಡಿಗೆಯ ಮೇಲೆ ಉದುರಿಸುತ್ತಾರೆ. ನಮ್ಮ ಪನೀರನ್ನು ಹಾಗೆಯೇ ಬಳಸಬಹುದು. ಒಂದು ಎಚ್ಚರಿಕೆ: ಕಾಯಿಸದ ಹಾಲಿನಿಂದ ಮಾಡಿದ ಇಂಥ ಚೀಸ್ ತಿಂದು ಮೆಕ್ಸಿಕೋದಲ್ಲಿ ಜನರಿಗೆ ಬ್ರುಸೆಲ್ಲಾ ಜ್ವರ ತಗುಲಿರುವುದುಂಟು. ದನಗಳಲ್ಲಿ ಕಂದು ಹಾಕುವಂತೆ ಮಾಡುವ ರೋಗಾಣುವೇ ಇದಕ್ಕೂ ಕಾರಣ. ಆ ರೋಗ ನಮ್ಮ ದನಗಳಲ್ಲಿಯೂ ಇದೆ. ಆದುದರಿಂದ ಹಾಲನ್ನು ಚೆನ್ನಾಗಿ ಕುದಿಸಿದ ನಂತರವೇ ಪನೀರ್ ಮಾಡತಕ್ಕದ್ದು.

ಬೇಕಾಗುವ ಸಾಮಗ್ರಿಗಳು (ಆರು ಜನರಿಗೆ)

ಮ್ಯಾಕರೋನಿ — 250 ಗ್ರಾಂ ರವೆಯಿಂದ ಮಾಡಿದ್ದು ಅಥವಾ ಅಂಗಡಿಯ ಒಣ ಮ್ಯಾಕರೋನಿ 250 ಗ್ರಾಂ
ಹಾಲು — ಅರ್ಧ ಲೀಟರು
ಬೆಣ್ಣೆ — 45 ಗ್ರಾಂ
ಮೈದಾ — 30 ಗ್ರಾಂ
ತುರಿದ ಚೀಸ್ — 150 ಗ್ರಾಂ
ಪನೀರ್ — 50 ಗ್ರಾಂ
ರಾಜ್ಮಾ — 50 ಗ್ರಾಂ
ಎಳೆಯ ಗೋವಿನಜೋಳದ ಕಾಳು — 1 ಬಟ್ಟಲು
ದೊಣ್ಣೆ ಮೆಣಸಿನಕಾಯಿ — 2
ಬ್ಯಾಡಗಿ ಮೆಣಸಿನಕಾಯಿ — 3
ಟೊಮೆಟೊ — 2
ಈರುಳ್ಳಿ — 1
ಬೆಳ್ಳುಳ್ಳಿ — 3 ಎಸಳು
ಜೀರಿಗೆ — ಅರ್ಧ ಟೀ ಚಮಚ
ಕೊತ್ತಂಬರಿ ಸೊಪ್ಪು, ನಿಂಬೆಹಣ್ಣು, ಉಪ್ಪು

ಮೆಕ್ಸಿಕೋ ರುಚಿಯ ಮಸಾಲೆ

ರಾಜ್ಮಾವನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿ, ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಿರಿ. ಅರೆಬೆಂದ ರಾಜ್ಮಾದಲ್ಲಿ ವಾಂತಿ, ಭೇದಿ ಉಂಟುಮಾಡುವ ವಿಷಾಂಶ ಉಳಿದಿರುತ್ತದೆ. ಗೋವಿನಜೋಳದ ಕಾಳನ್ನು ಬೇರೆಯಾಗಿ ಬೇಯಿಸಿಕೊಳ್ಳಿರಿ.

ಮೆಕ್ಸಿಕೋದಲ್ಲಿ ಪೊಬ್ಲಾನೋ ಎಂಬ ದಪ್ಪ ಹಸಿಮೆಣಸಿನಕಾಯಿಯನ್ನು ಸುಟ್ಟು, ಸಿಪ್ಪೆ ತೆಗೆದು, ಉದ್ದುದ್ದ ಸೀಳಿ, ಕೆನೆ ಮತ್ತು ಜೋಳದ ಕಾಳಿನೊಡನೆ ಬೇಯಿಸುತ್ತಾರೆ. ಪೊಬ್ಲಾನೋ ಒಣಗಿದರೆ ಅದರ ಹೆಸರು ಆಂಚೋ. ಖಾರ ಕಡಿಮೆ, ಬಣ್ಣ ಗಾಢ. ನಮ್ಮಲ್ಲಿ ಹಸಿಯದಕ್ಕೆ ದೊಣ್ಣೆ ಮೆಣಸಿನಕಾಯಿಯನ್ನೂ ಒಣಗಿದ್ದಕ್ಕೆ ಬ್ಯಾಡಗಿಯನ್ನೂ ಬಳಸಬಹುದು.

ದೊಣ್ಣೆ ಮೆಣಸಿನಕಾಯಿಯನ್ನು ಕೆಂಡದ ಮೇಲೆ ಸಿಪ್ಪೆ ಕಪ್ಪಾಗುವವರೆಗೆ ಸುಡಿರಿ. ಪಾತ್ರೆಯಲ್ಲಿಟ್ಟು ಹತ್ತು ನಿಮಿಷ ಮುಚ್ಚಿದರೆ ಆವಿಗೆ ಸಿಪ್ಪೆ ಸಡಿಲವಾಗುತ್ತದೆ. ಉಜ್ಜಿ ತೆಗೆದು ಸೀಳಿಕೊಳ್ಳಿರಿ. ಬ್ಯಾಡಗಿಯ ಬೀಜ ತೆಗೆದು ರೊಟ್ಟಿ ಹಂಚಿನ ಮೇಲೆ ಕೆಲವೇ ಕ್ಷಣ ಬಿಸಿ ಮಾಡಿರಿ, ಕಪ್ಪಾದರೆ ಕಹಿಯಾಗುತ್ತದೆ. ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಬೆಳ್ಳುಳ್ಳಿ, ಜೀರಿಗೆಯೊಡನೆ ನುಣ್ಣಗೆ ಅರೆಯಿರಿ.

ಬಾಣಲೆಯಲ್ಲಿ 15 ಗ್ರಾಂ ಬೆಣ್ಣೆ ಹಾಕಿ ಹೆಚ್ಚಿದ ಈರುಳ್ಳಿ ಬಾಡಿಸಿ, ಅರೆದ ಮಸಾಲೆಯನ್ನು ಹುರಿಯಿರಿ. ಮೆಣಸಿನಕಾಯಿಯ ಕೆಂಪು ಬಣ್ಣ ಜಿಡ್ಡಿನಲ್ಲಿ ಮಾತ್ರ ಬಿಡುವುದರಿಂದ ಇಲ್ಲಿ ಅವಸರ ಮಾಡಬಾರದು. ಬೀಜ ತೆಗೆದು ಹೆಚ್ಚಿದ ಟೊಮೆಟೊ ಹಾಕಿ ನೀರಿನಂಶ ಪೂರ್ತಿ ಇಂಗುವವರೆಗೆ ಬೇಯಿಸಿರಿ. ಕೊನೆಗೆ ಜೋಳದ ಕಾಳು, ರಾಜ್ಮಾ, ದೊಣ್ಣೆ ಮೆಣಸಿನಕಾಯಿ ಸೇರಿಸಿ ಇಳಿಸಿರಿ.

ಚೀಸ್ ಸಾಸ್

ಚೀಸ್ ಎಂದರೆ ಹಾಲಿನ ಸಸಾರಜನಕದ ಬಲೆ. ಆ ಬಲೆಯಲ್ಲಿ ಜಿಡ್ಡು ಮತ್ತು ನೀರು ಸಿಕ್ಕಿಕೊಂಡಿರುತ್ತವೆ. ಹದವಾದ ಶಾಖಕ್ಕೆ ಬಲೆ ಸಡಿಲವಾಗಿ ಚೀಸ್ ಕರಗುತ್ತದೆ. ಶಾಖ ಮಿತಿ ಮೀರಿದರೆ ಬಲೆ ಬಿಗಿದುಕೊಂಡು ಜಿಡ್ಡನ್ನು ಹೊರಕ್ಕೆ ಹಿಂಡುತ್ತದೆ. ಇದೇ ಒಡೆಯುವುದು. ಹುಳಿ ಸೇರಿದರೂ ಹೀಗಾಗಬಹುದು.  ಹಾಲಿನಲ್ಲಿ ಬೆಂದ ಮೈದಾದ ಪಿಷ್ಟ ಈ ಬಲೆಯ ನಡುವೆ ಸೇರಿ ಅದು ಬಿಗಿದುಕೊಳ್ಳದಂತೆ ತಡೆಯುತ್ತದೆ. ಆದುದರಿಂದ ಮೈದಾ ಕೇವಲ ಗಟ್ಟಿಯಾಗಿಸಲು ಹಾಕುವುದಲ್ಲ.

1. ದಪ್ಪ ತಳದ ಪಾತ್ರೆಯಲ್ಲಿ ಉಳಿದ 30 ಗ್ರಾಂ ಬೆಣ್ಣೆ ಕರಗಿಸಿ ಮೈದಾ ಹಾಕಿರಿ. ಸಣ್ಣ ಉರಿಯಲ್ಲಿ ಎರಡು ನಿಮಿಷ, ಬಣ್ಣ ತಿರುಗದಂತೆ, ಹಸಿ ವಾಸನೆ ಹೋಗುವವರೆಗೆ ಹುರಿಯಿರಿ.
2. ಬೆಚ್ಚಗಿನ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಸಣ್ಣ ಕಡಗೋಲಿನಿಂದ ಗಂಟಾಗದಂತೆ ಕಡೆಯಿರಿ.
3. ಕೈಯಾಡಿಸುತ್ತ ಒಂದು ಕುದಿ ಬರಿಸಿ, ಸೌಟಿಗೆ ಅಂಟುವ ಹದಕ್ಕೆ ಬಂದಾಗ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿರಿ.
4. ಎರಡು ನಿಮಿಷ ಬಿಡಿರಿ. ಗುಳ್ಳೆ ಪೂರ್ತಿ ನಿಂತಿರಬೇಕು, ಆವಿ ಏಳುತ್ತಿರಬೇಕು. ಈಗ ಚೀಸ್ ತುರಿಯನ್ನು ಒಂದೊಂದು ಹಿಡಿಯಾಗಿ ಹಾಕಿ, ಒಂದು ಹಿಡಿ ಕರಗಿದ ಮೇಲೆ ಇನ್ನೊಂದು ಹಾಕಿರಿ.

ಚೀಸ್ ಬಿದ್ದ ಮೇಲೆ ಪಾತ್ರೆಯನ್ನು ಮತ್ತೆ ಕುದಿಸಬಾರದು. ಈ ಒಂದು ಮಾತನ್ನು ನೆನಪಿಟ್ಟರೆ ಅಡಿಗೆ ಕೆಡುವುದಿಲ್ಲ.

ಕೂಡಿಸುವ ಕ್ರಮ

ಎರಡೂವರೆ ಲೀಟರು ನೀರಿಗೆ ಎರಡು ಟೀ ಚಮಚ ಉಪ್ಪು ಹಾಕಿ, ನೀರು ಕುದಿಯುವಾಗ ಮ್ಯಾಕರೋನಿ ಹಾಕಿರಿ. ಹಸಿಯದು ಐದಾರು ನಿಮಿಷದಲ್ಲಿ, ಒಣಗಿದ್ದು ಎಂಟು ಹತ್ತು ನಿಮಿಷದಲ್ಲಿ ಬೇಯುತ್ತದೆ. ಕಚ್ಚಿದರೆ ನಡುವೆ ತುಸು ಬಿಗಿ ಇರುವಾಗಲೇ ಬಸಿಯಿರಿ. ಉಳಿದದ್ದು ಸಾಸಿನ ಬಿಸಿಗೆ ಬೇಯುತ್ತದೆ. ತಣ್ಣೀರಿನಲ್ಲಿ ತೊಳೆಯಬೇಡಿ, ಮೇಲಿನ ಪಿಷ್ಟ ಹೋದರೆ ಸಾಸ್ ಹಿಡಿಯುವುದಿಲ್ಲ. ಬಸಿದ ನೀರನ್ನು ಒಂದು ಬಟ್ಟಲು ತೆಗೆದಿಡಿರಿ.

ಮ್ಯಾಕರೋನಿಯನ್ನು ಸಾಸಿಗೆ ಹಾಕಿ, ಮಸಾಲೆ ಬೆರೆಸಿ, ಗಟ್ಟಿ ಎನಿಸಿದರೆ ತೆಗೆದಿಟ್ಟ ನೀರನ್ನು ಎರಡು ಮೂರು ಚಮಚ ಸೇರಿಸಿರಿ. ರುಚಿ ನೋಡಿದ ಮೇಲೆಯೇ ಉಪ್ಪು ಹಾಕಿರಿ. ಪನೀರ್ ಪುಡಿ, ಕೊತ್ತಂಬರಿ ಸೊಪ್ಪು ಉದುರಿಸಿ ಬಿಸಿಯಾಗಿಯೇ ಬಡಿಸಿರಿ. ನಿಂಬೆರಸವನ್ನು ತಟ್ಟೆಯಲ್ಲಿ ಹಿಂಡಿಕೊಳ್ಳಬೇಕೇ ಹೊರತು ಪಾತ್ರೆಗೆ ಅಲ್ಲ.

ತಪ್ಪಾದರೆ ಪರಿಹಾರ

ಜಿಡ್ಡು ಬೇರ್ಪಟ್ಟರೆ: ಉರಿಯಿಂದ ತೆಗೆದು, ಬಿಸಿ ಹಾಲನ್ನು ಚಮಚ ಚಮಚವಾಗಿ ಹಾಕುತ್ತ ಕಡೆಯಿರಿ. ಸಂಸ್ಕರಿಸಿದ ಚೀಸಿನ ಒಂದು ತುಂಡು ಸೇರಿಸಿದರೆ ಇನ್ನೂ ಒಳ್ಳೆಯದು.
ಮರಳುಮರಳಾದರೆ: ಚೀಸ್ ಮಿತಿಮೀರಿ ಕಾದಿದೆ. ಪೂರ್ತಿ ಸರಿಯಾಗದು, ಆದರೂ ತಿನ್ನಲು ಅಡ್ಡಿಯಿಲ್ಲ.
ಮೈದಾ ಗಂಟಾದರೆ: ಚೀಸ್ ಹಾಕುವ ಮೊದಲೇ ಸೋಸಿಕೊಳ್ಳಿರಿ.
ಮಕ್ಕಳಿಗೆ ಖಾರವೆನಿಸಿದರೆ: ಮುಂದಿನ ಸಲ ಬ್ಯಾಡಗಿ ಒಂದೇ ಹಾಕಿರಿ, ಬಣ್ಣಕ್ಕೆ ಅಷ್ಟು ಸಾಕು.

ಆಹಾರ ಮೌಲ್ಯ

ಗೋಧಿಯ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಹಾಲು ಮತ್ತು ಕಾಳುಗಳಲ್ಲಿ ಅದು ಸಾಕಷ್ಟಿರುವುದರಿಂದ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೇಲಿನ ಅಳತೆಯಲ್ಲಿ ಒಬ್ಬರ ಪಾಲಿಗೆ ಸುಮಾರು 18 ಗ್ರಾಂ ಸಸಾರಜನಕ ದೊರೆಯುತ್ತದೆ. ಚೀಸ್ ಮತ್ತು ಹಾಲಿನಿಂದ ಸುಣ್ಣದ ಅಂಶವೂ ಒದಗುತ್ತದೆ. ಬೆಳೆಯುವ ಮಕ್ಕಳಿಗೆ ಇದು ಹಿತಕರ. ಆದರೆ ಜಿಡ್ಡು, ಉಪ್ಪು ಎರಡೂ ಹೆಚ್ಚಿರುವುದರಿಂದ ನಿತ್ಯದ ಊಟವಾಗಿಸಬಾರದು. ರಕ್ತದೊತ್ತಡ ಇರುವವರು ಸ್ವಲ್ಪವೇ ತಿನ್ನಬೇಕು. ಉಳಿದದ್ದನ್ನು ಮರುದಿನ ಬಿಸಿ ಮಾಡುವಾಗ ಒಂದೆರಡು ಚಮಚ ಹಾಲು ಚಿಮುಕಿಸಿ, ಸಣ್ಣ ಉರಿಯಲ್ಲಿ ಮುಚ್ಚಿ ಇಡಿರಿ. ಇಲ್ಲಿಯೂ ಅದೇ ನಿಯಮ: ಉರಿ ಹೆಚ್ಚಾದರೆ ಚೀಸ್ ಒಡೆಯುತ್ತದೆ.

ಮೊದಲ ಸಲ ಅರ್ಧ ಅಳತೆಯಲ್ಲಿ ಮಾಡಿ ನೋಡಿರಿ. ಚೀಸಿನ ಹದ ಕೈಗೆ ಹತ್ತಿದ ಮೇಲೆ ಪೂರ್ತಿ ಅಳತೆಗೆ ಹೋಗಬಹುದು. ಮನೆಯ ಗೋಧಿ, ಮನೆಯ ಹಾಲು, ಮನೆಯ ಮೆಣಸಿನಕಾಯಿಯಿಂದ ಮಾಡಿದ್ದಕ್ಕೆ ಪೇಟೆಯ ಪೊಟ್ಟಣ ರುಚಿಯಲ್ಲಾಗಲಿ ಸತ್ವದಲ್ಲಾಗಲಿ ಸಾಟಿಯಾಗದು.